ಕಡವಿನಮನೆ ಎಂಬ ಹೆಸರು ಹೊಳೆ ದಾಟಿದ್ದು

ಹೆಸರಿನ ಹಿಂದೆ ಮನೆಯ ಹೆಸರನ್ನೂ ಕಟ್ಟಿಕೊಂಡು ತಿರುಗುವ ಕುಟುಂಬದಲ್ಲಿ ಹುಟ್ಟಿದರೆ ಒಂದು ಅನುಕೂಲ ಉಂಟು. ನಗಬೇಕು ಅನ್ನಿಸಿದಾಗ ಪಕ್ಕದ ಮನೆಗೆ ಹೋಗಬೇಕಾಗಿಲ್ಲ.

ನಾನು ಬ್ರಹ್ಮಾವರದಲ್ಲಿ ಹೈಸ್ಕೂಲು ಮಕ್ಕಳಿಗೆ ಚರಿತ್ರೆ ಪಾಠ ಮಾಡುವವಳು. ಅಮ್ಮನ ಮನೆ ಕಡವಿನಮನೆ. ಹಟ್ಟಿಯಂಗಡಿ ಕಳೆದು ಹೊಳೆ ದಾಟಿದರೆ ಸಿಗುತ್ತದೆ. ಕಡವು ಅಂದರೆ ದೋಣಿಯಲ್ಲಿ ಜನರನ್ನು ಹೊಳೆ ದಾಟಿಸುವ ಜಾಗ. ಸೇತುವೆ ಬಂದ ಮೇಲೆ ದೋಣಿ ನಿಂತಿತು, ಕೆಂಪುಕಲ್ಲಿನ ಮೆಟ್ಟಿಲು ಮಾತ್ರ ನೀರಿಗೆ ಇಳಿದುಕೊಂಡು ಹಾಗೇ ಇದೆ. ಭಾನುವಾರ ಅಲ್ಲಿ ಹೋಗಿ ಕೂರುವುದು ನನಗೊಂದು ಚಟ. ಹೊಳೆ ಎಷ್ಟು ನಿಧಾನ ಅಂದರೆ ಹರಿಯುವುದು ನೀರೋ ದಂಡೆಯೋ ಎಂದು ಸ್ವಲ್ಪ ಹೊತ್ತಿನಲ್ಲಿ ಗೊತ್ತಾಗದೆ ಹೋಗುತ್ತದೆ. ಈ ಮೆಟ್ಟಿಲು ಇಳಿದು ಹೋದ ನಮ್ಮ ಹೆಸರು ಈಗ ಯಾವ ಊರಿನ ಯಾವ ಬಾಗಿಲ ಮೇಲೆ ಕೂತಿದೆಯೋ, ಅಲ್ಲಿ ಬೆಳಗಾಗಿದೆಯೋ ಸಂಜೆಯೋ ಎಂದು ಯೋಚಿಸುತ್ತ ಕೂತರೆ ನನಗೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ತಿಳಿಸುವುದು ಅಮ್ಮ.

"ಹೊಳಿ ಎಲ್ಲಿಗೂ ಓಡಿ ಹೋತಿಲ್ಲ. ಬಂದ್ ಕಾಯಿ ತುರಿ."

ಸೈನಿಕನಿಗೆ ಬಡ್ತಿ

ಶಾಲೆಯಲ್ಲಿ ಒಮ್ಮೆ ಮಕ್ಕಳಿಗೆ ತಂತಮ್ಮ ಮನೆತನದ ಹೆಸರು ಹೇಗೆ ಬಂತೆಂದು ಕೇಳಿಕೊಂಡು ಬರಲು ಹೇಳಿದೆ. ಒಬ್ಬ ಹುಡುಗಿ ಎದ್ದು, "ಟೀಚರ್, ನಿಮ್ಮದು ಹೇಗೆ ಬಂತು?" ಅಂದಳು. ಚರಿತ್ರೆ ಟೀಚರಿಗೆ ಸ್ವಂತ ಮನೆಯ ಚರಿತ್ರೆ ಗೊತ್ತಿಲ್ಲ ಎಂದರೆ ಮರ್ಯಾದೆ ಉಳಿಯುವುದಿಲ್ಲ. ಹಾಗಾಗಿ ಅಮ್ಮನ ಮನೆಯ ಹೆಸರಿನ ಕತೆ ಹೇಳಿ ಎಂದು ಮಾವನನ್ನು ಕೇಳಿದೆ. ಮಾವ ಅಂದರೆ ಅಮ್ಮನ ತಮ್ಮ, ಕಡವಿನಮನೆಯ ಯಜಮಾನರು.

ಮಾವ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು. ಯಾವುದೋ ಕಾಲದಲ್ಲಿ ಗಾಯಗೊಂಡ ಸೈನಿಕನೊಬ್ಬ ಆಚೆ ದಡದಲ್ಲಿ ಬಿದ್ದಿದ್ದನಂತೆ. ನಮ್ಮ ಮನೆಯ ಹೆಂಗಸೊಬ್ಬಳು ತಾನೇ ದೋಣಿ ನೂಕಿಕೊಂಡು ಹೋಗಿ ಅವನನ್ನು ಕರೆತಂದು ಗಂಜಿ ಕೊಟ್ಟಳಂತೆ. ಅಂದಿನಿಂದ ಈ ಮನೆಗೆ ಕಡವು, ಕಡವಿಗೆ ಈ ಮನೆ. ಕೇಳುತ್ತಿದ್ದಂತೆ ನನಗೆ ಆ ಹೆಂಗಸು ಕಂಡೇಬಿಟ್ಟಳು. ಸೀರೆ ಎತ್ತಿ ಕಟ್ಟಿಕೊಂಡು, ಮಂಜಿನಲ್ಲಿ ಹುಟ್ಟು ಹಾಕುತ್ತ, ಯಾರೆಂದೇ ಗೊತ್ತಿಲ್ಲದವನ ಕಡೆಗೆ ಹೋಗುತ್ತಿದ್ದಾಳೆ. ಕ್ಲಾಸಿನಲ್ಲಿ ಹಾಗೆಯೇ ಹೇಳಿದೆ.

ಮುಂದಿನ ವರ್ಷ ನೆಂಟರೆದುರು ಮಾವ ಅದೇ ಕತೆ ಹೇಳಿದರು. ಈ ಸಲ ಆಚೆ ದಡದಲ್ಲಿ ಬಿದ್ದವನು ಸೇನಾಪತಿ. ಮೊನ್ನೆ ಮೊನ್ನೆ ಕೇಳಿದಾಗ ಅವನು ಸಾಕ್ಷಾತ್ ಅರಸನಾಗಿದ್ದ.

"ಮಾವ, ನಂಗೆ ಹೇಳುವತ್ತಿಗೆ ಅವ ಬರೀ ಸೈನಿಕ ಆಯಿದ್ದ," ಅಂದೆ.

ಮಾವ ಸ್ವಲ್ಪವೂ ಅಳುಕಲಿಲ್ಲ. "ಅಷ್ಟ್ ವರ್ಷ ಆಯ್ತಲೆ ಮಗಾ, ಪಾಪ, ಅವಂಗೂ ಒಂದ್ ಬಡ್ತಿ ಸಿಕ್ಕುದ್ ಬ್ಯಾಡ್ದಾ?"

ಇಡ್ಲಿ ಹಿಟ್ಟಿನ ನೆಂಟಸ್ತಿಕೆ

ನಮ್ಮ ಹೆಸರನ್ನು ಮೊದಲು ಬೊಂಬಾಯಿಗೆ ಒಯ್ದವರು ಮಾವನ ಅಜ್ಜ. ಅಲ್ಲೊಂದು ಸಣ್ಣ ಹೋಟೆಲು ಇಟ್ಟಿದ್ದರು. ಬೈಂದೂರಿನಿಂದ ಬ್ರಹ್ಮಾವರದ ತನಕ ಯಾವ ಹುಡುಗ ಊರು ಬಿಟ್ಟು ಓಡಿದರೂ ಬಂದು ನಿಲ್ಲುವುದು ಅದೇ ಹೋಟೆಲಿನ ಹಿಂಬಾಗಿಲಿಗೆ. ಮಲಗಲು ಮೇಜಿನ ಅಡಿ, ತಿನ್ನಲು ಉಳಿದ ಇಡ್ಲಿ, ಊರಿಗೆ ಬರೆಯುವಾಗ ವಿಳಾಸಕ್ಕೆ ಹೋಟೆಲಿನದ್ದೇ ಹೆಸರು. ಯಾರಾದರೂ "ಸರ್‌ನೇಮ್ ಏನು" ಎಂದು ಕೇಳಿದರೆ ಹುಡುಗರು ತಲೆ ಕೆರೆದುಕೊಂಡು ಧಣಿಗಳದ್ದನ್ನೇ ಹೇಳುತ್ತಿದ್ದರು. ಹೀಗೆ ದೋಸೆ ಹಾಕುವವನೂ ಕಡವಿನಮನೆ, ಲೋಟ ತೊಳೆಯುವವನೂ ಕಡವಿನಮನೆ. ಅವರೆಲ್ಲ ಮುಂದೆ ಮಸ್ಕತ್ತು, ನೈರೋಬಿ, ಎಲ್ಲೆಲ್ಲಿಗೋ ಹೋದರು. ಹೆಸರೂ ಹೋಯಿತು.

ಮಾವನ ದೊಡ್ಡ ಮಗ, ನನಗೆ ಭಾವ, ಈಗ ಬೊಂಬಾಯಿಯಲ್ಲಿ ಎರಡು ಹೋಟೆಲಿನ ಒಡೆಯ. ಕಳೆದ ವರ್ಷ ಅವನು 'ಕಡವಿನಮನೆ ವಿಶ್ವಕುಟುಂಬ' ಎಂದು ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದ. ನಾವು ಯಾರೂ ಕಂಡು ಕೇಳರಿಯದ ಊರುಗಳಿಂದ ಜನ ಬಂದು ಸೇರಿದರು. ಬೆಳಿಗ್ಗೆ ಏಳುವಾಗ ನೈರೋಬಿಯ ಹಿರಿಯರೊಬ್ಬರ ನಮಸ್ಕಾರ ಬಂದು ಕೂತಿರುತ್ತಿತ್ತು. ಒಂದು ದಿನವೂ ತಪ್ಪಿಸಿದವರಲ್ಲ. ನಾನು ಎಂದೂ ಕಾಣದ ಒಬ್ಬರು ನಾನು ಎಂದೂ ಹೋಗದ ಊರಿನಲ್ಲಿ ಎದ್ದು ನಮ್ಮ ಹೊಳೆಬದಿಯ ಹೆಸರು ಹಿಡಿದು ನಮಸ್ಕಾರ ಹೇಳುತ್ತಾರೆ ಎಂದು ನೆನೆದರೆ ಆ ದಿನದ ಮೊದಲ ಪಿರಿಯಡ್ಡು ಬಹಳ ಚೆನ್ನಾಗಿ ಹೋಗುತ್ತಿತ್ತು.

ಭಾವನಿಗೆ ವಂಶವೃಕ್ಷ ಬರೆಯುವ ಹುಚ್ಚು. ನೈರೋಬಿಯವರನ್ನು ಯಾವ ಕೊಂಬೆಗೆ ಕೂರಿಸುವುದೆಂದು ತಿಳಿಯದೆ ಕೇಳಿದ. "ನಿಮ್ಮ ಅಜ್ಜ ನಮ್ಮ ಮುತ್ತಜ್ಜನಿಗೆ ಏನಾಗಬೇಕು?"

ಅವರ ಉತ್ತರ ಕೂಡಲೇ ಬಂತು. "ಎಂತದೂ ಆಯ್ಕಂದಿಲ್ಲೆ. ನಮ್ಮಜ್ಜ ಅಲ್ಲಿ ಇಡ್ಲಿ ಹಿಟ್ಟ್ ಕಡೀತಿದ್ರ್."

ಭಾವ ಊರಿಗೆ ಫೋನು ಮಾಡಿ, ಅವರನ್ನು ಗುಂಪಿನಿಂದ ತೆಗೆಯಬೇಕೋ ಬೇಡವೋ ಎಂದು ಅಪ್ಪನನ್ನೇ ಕೇಳಿದ.

ಮಾವ ಹೇಳಿದರು: "ಹೆಸ್ರ್ ಯಾರೂ ಇಟ್ಕಣ್ಲಿ, ಅದಕ್ಕೆಂತ ಬಾಡಿಗೆ ಇತ್ತಾ? ನಾಗನ ಬನದಲ್ ಮಾತ್ರ ಕುಲ, ಬಳಿ ಲೆಕ್ಕ. ಮತ್ತೆ ಕಾಣ್, ಆ ಹೋಟ್ಲ್ ನಡದ್ದ್ ಅವ್ರ್ ಕಡದ್ ಹಿಟ್ಟಂಗೆ. ಯಾರನ್ನಾರೂ ತೆಗೂಕೇ ಬೇಕಾರೆ ಬರೀ ಕೌಂಟರಂಗೆ ಕೂತವ್ರ ಮೊಮ್ಮಕ್ಳನ್ನ ತೆಗಿ."

ದೋಣಿ ಕರೆದವಳು

ನನ್ನ ಚಿಕ್ಕಮ್ಮನ ಮಗ ಒಬ್ಬನಿದ್ದ. ನಾನು ಅಣ್ಣ ಎಂದು ಕರೆಯುತ್ತಿದ್ದೆ. ಚಿಕ್ಕಮ್ಮ ಬೇಗ ತೀರಿಹೋದದ್ದರಿಂದ ಮಾವನೇ ಎತ್ತಿ ಆಡಿಸಿ ಬೆಳೆಸಿದ ಅಳಿಯ. ಮನೆಯ ಹೆಸರನ್ನೂ ಮಾವನೇ ಇಟ್ಟರು. ಅವನು ಹಡಗಿನಲ್ಲಿ ಅಡುಗೆಗೆ ಸೇರಿ, ನ್ಯೂಜಿಲೆಂಡಿನಲ್ಲಿ ಇಳಿದು, ಫಿಜಿ ಕಡೆಯ ಹುಡುಗಿಯನ್ನು ಮದುವೆಯಾಗಿ ಅಲ್ಲೇ ಉಳಿದ. ಪ್ರತಿ ವರ್ಷ ಫೋನಿನಲ್ಲಿ "ಬಪ್ಪ ವರ್ಷ ಬತ್ತೆ" ಅನ್ನುತ್ತಿದ್ದ. ಹೋದ ವರ್ಷ ಅಲ್ಲೇ ತೀರಿಕೊಂಡ. ಮಾವ ಅವತ್ತು ನಾನು ಕೂರುವ ಮೆಟ್ಟಿಲಿನ ಮೇಲೆ ಕತ್ತಲಾಗುವ ತನಕ ಕೂತಿದ್ದರು.

ಅವನ ಮಗಳು ಗುಂಪಿನಲ್ಲಿ ಬರೆದಳು. ನಾಗರಪಂಚಮಿಗೆ ಬರುತ್ತೇನೆ, ನಾಗನಿಗೆ ಒಂದು ಚೆಂಬು ಹಾಲು ಮನೆಮಗಳಾಗಿ ನಿಂತು ಕೊಡಬೇಕೆಂದು ಅಪ್ಪ ಕೊನೆಗೆ ಹೇಳಿದ್ದಾರೆ, ಬೇರೆ ಏನೂ ಬೇಡ ಎಂದು.

ಕುಂದಾಪುರ ಸ್ಟೇಷನ್ನಿಗೆ ನಾನು ಹೋಗಿ ಕರೆತರುವುದೆಂದು ಮಾತಾಗಿತ್ತು. ಅವಳು ಮುಂಚಿನ ರೈಲಿಗೇ ಬಂದು, ಆಟೋ ಹಿಡಿದು, ಅಪ್ಪ ಹೇಳಿಕೊಟ್ಟ ದಾರಿಯಲ್ಲೇ ಹೊರಟಳು. ಗದ್ದೆ ದಾಟಿ ಹೊಳೆದಂಡೆಗೆ ಹೋಗಿ ನಿಲ್ಲಬೇಕು, ಜೋರಾಗಿ ಕೂಗಬೇಕು, ದೋಣಿ ಬರುತ್ತದೆ.

ನಾನು ಜಗಲಿಯಲ್ಲಿ ಸ್ಟೇಷನ್ನಿಗೆ ಹೊರಡಲು ಚಪ್ಪಲಿ ಹುಡುಕುತ್ತಿದ್ದೆ. ಮಾವ ಚಾ ಕುಡಿಯುತ್ತಿದ್ದರು. ಆಚೆ ದಡದಿಂದ "ಹ್ವಾ...ಯ್" ಎಂದು ಕೇಳಿತು. ಕೊನೆಯನ್ನು ಎಳೆದು ಎಳೆದು ಬಿಡುವ ಆ ಕೂಗು ನಮ್ಮ ಅಣ್ಣನದ್ದು. ಬೇರೆ ಯಾರೂ ಹಾಗೆ ಕೂಗುವುದಿಲ್ಲ. ಮಾವ ಲೋಟ ಕೆಳಗಿಟ್ಟು, ಬರಿಗಾಲಿನಲ್ಲಿ ಮೆಟ್ಟಿಲಿಗೆ ಓಡಿದರು. ಆಚೆ ದಡದಲ್ಲಿ ಹಳದಿ ರೈನ್‌ಕೋಟು ಹಾಕಿದ ಒಂದು ಹುಡುಗಿ ಕೈ ಬೀಸುತ್ತಿದ್ದಳು.

"ದೋಣಿ ಇಲ್ಲೆ ಮಗಾ," ಮಾವ ಕೂಗಿದರು. "ಸಂಕ ಇತ್ತ್. ಸಂಕದ್ ಮೇಲ್ ಬಾ."

"ಅಪ್ಪಯ್ಯ ದೋಣಿ ಬತ್ತ್ ಅಂದಿದ್ರ್," ಎಂದು ಆಚೆಯಿಂದ ಉತ್ತರ ಬಂತು. ಅಪ್ಪ ಊರು ಬಿಟ್ಟಾಗ ಇದ್ದ ಮಾತೇ ಅವಳ ಬಾಯಲ್ಲಿ ಹಾಗೆಯೇ ಇತ್ತು. ನಮ್ಮ ಮಕ್ಕಳೇ ಮರೆತದ್ದು.

ಅವಳನ್ನು ಸೇತುವೆ ಸುತ್ತಿಸಿ ಅಂಗಳಕ್ಕೆ ತಂದಿಳಿಸಿದ ಆಟೋದವನು ನನ್ನನ್ನು ಪಕ್ಕಕ್ಕೆ ಕರೆದ. ಪಾಪ, ಅವನ ಮುಖ ಸಣ್ಣದಾಗಿತ್ತು. "ಮೇಡಂ, ಫಾರಿನ್ನಿನವ್ರ್ ಅಂದೇಳಿ ದಾರಿ ಉದ್ದಕ್ಕೂ ಬ್ರಿಡ್ಜ್ ಇತ್ತ್, ಬ್ರಿಡ್ಜ್ ಇತ್ತ್ ಅಂದೇಳಿ ಇಂಗ್ಲಿಷಂಗೆ ಹೇಳ್ದೆ. ಕಡೀಗೆ ಅವ್ರ್ ನನ್ನತ್ರ, 'ಹ್ವಾಯ್, ನಿಮ್ಗೆ ಕನ್ನಡ ಬತ್ತಿಲ್ಯಾ?' ಅಂದ್ ಕೇಂಡ್ರ್."

ಹಗ್ಗದ ಈಚೆ, ಹಗ್ಗದ ಆಚೆ

ಪಂಚಮಿಯ ದಿನ ಬನ ತುಂಬಿತು. ಭಾವ ಬೊಂಬಾಯಿಯಿಂದ ಎಲ್ಲರನ್ನೂ ಹೊರಡಿಸಿಕೊಂಡು ಬಂದಿದ್ದ. ಎಲ್ಲರಿಗೂ ಎದೆಯ ಮೇಲೆ 'ಕಡವಿನಮನೆ' ಎಂದು ಅಚ್ಚು ಹಾಕಿಸಿದ ಟೀ ಶರ್ಟು. ಮರಗಳ ಅಡಿಯಲ್ಲಿ ಬೆಳಕು ಹಸಿರಾಗಿತ್ತು. ಹಾಲು, ಅಡಿಕೆ ಹೂವಿನ ಸಿಂಗಾರ, ಅರಿಶಿನದ ವಾಸನೆ. ನಾಗನ ಕಲ್ಲುಗಳು ಯಾರಿಗೋ ಕಾಯುವವರಂತೆ ಸುಮ್ಮನೆ ಕೂತಿದ್ದವು. ಒಳಗೆ ಕಾಲಿಟ್ಟರೆ ನಾನು ಯಾವ ವರ್ಷದಲ್ಲಿದ್ದೇನೆ ಎಂಬುದೇ ನನಗೆ ಮರೆತುಹೋಗುತ್ತದೆ.

ಈ ಸಲ ಜನ ಜಾಸ್ತಿ ಎಂದು ಮಾವ ಕಟ್ಟೆಯ ಮುಂದೆ ಒಂದು ಹಗ್ಗ ಕಟ್ಟಿದ್ದರು. ಹಗ್ಗದ ಒಳಗೆ ಬಳಿಯವರು, ಅಂದರೆ ಕುಲದವರು, ಹೊರಗೆ ನೆಂಟರು. ಹುಡುಗಿ ಹಾಲಿನ ಚೆಂಬು ಹಿಡಿದು ಒಳಗೆ ಬಂದಾಗ ಮಾವ ತಡೆದರು. ಅವರಿಗೆ ಅದು ಸುಲಭವಾಗಿರಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ನೀ ಹಗ್ಗದ ಆಚೆ ನಿಲ್ಕ್ ಮಗಾ. ನಮ್ಮಲ್ ಬಳಿ ಬಪ್ಪುದ್ ಅಬ್ಬಿಯಿಂದ. ನಿನ್ನಪ್ಪ ಈ ಮನಿಯವ, ಅವನ ಅಬ್ಬಿ ನನ್ನ ತಂಗಿ. ನಿನ್ನ ಅಬ್ಬಿ ಈ ಮನಿಯವ್ಳಲ್ಲ. ನಾಗನ ಎದ್ರ್ ನಾ ನಿಯಮ ತಪ್ಪುಕಾತಿಲ್ಲ."

ಹುಡುಗಿ ಚೆಂಬನ್ನು ಭಾವನ ಕೈಗೆ ಕೊಟ್ಟು, ಹಗ್ಗದ ಅಡಿಯಲ್ಲಿ ತಗ್ಗಿ ಹೊರಗೆ ಹೋಗಿ ನಿಂತಳು. "ಅಪ್ಪಯ್ಯಂಗೆ ಕೊಡ್ತೆ ಅಂದ್ ಹೇಳಿದ್ದೆ," ಎಂದು ಮೆಲ್ಲಗೆ ಅಂದಳು, ಅಷ್ಟೆ. ನನಗೆ ಕಣ್ಣು ತುಂಬಿತು. ಮಾವನ ಮೇಲೆ ಸಿಟ್ಟೂ ಬಂತು.

ಅಮ್ಮ ಕಟ್ಟೆಯ ಬದಿಯಲ್ಲಿ ಕೂತು ಸಿಂಗಾರ ಬಿಡಿಸುತ್ತಿದ್ದವರು ತಲೆ ಎತ್ತಿದರು. ಮನೆಯಲ್ಲಿ ಮಾವನಿಗಿಂತ ದೊಡ್ಡವರು ಅವರೊಬ್ಬರೇ.

"ತಮ್ಮ, ನೀ ಹೇಳದ್ ಸಮ ಇತ್ತ್. ನಿಯಮ ಅಂದ್ರೆ ನಿಯಮ. ಹಂಗಾರೆ ನಿನ್ನ ಮಕ್ಳ್ ಎಂತಕೆ ಒಳ್ಗೆ ನಿಂತದ್? ಅವ್ರ ಅಬ್ಬಿ ಬೈಂದೂರ್ ಕಡಿಯವ್ಳಲ್ದಾ?"

ಭಾವ ತನ್ನ ಟೀ ಶರ್ಟನ್ನು ನೋಡಿಕೊಂಡ. ಅಪ್ಪನ ಮುಖ ನೋಡಿದ. ಆಮೇಲೆ ಹಾಲಿನ ಚೆಂಬು ಹಿಡಿದುಕೊಂಡೇ ಹಗ್ಗದ ಅಡಿಯಲ್ಲಿ ನುಸುಳಿ ಹೊರಗೆ ಹೋದ. ಅವನ ಹಿಂದೆ ಎಳನೀರ ಬೊಂಡದ ಗೊನೆ ಹೊತ್ತ ಅವನ ತಮ್ಮ. ಅವರ ಹಿಂದೆ ಹೆಂಡಿರು, ಮಕ್ಕಳು. ಎದೆಯ ಮೇಲೆ ಕಡವಿನಮನೆ ಎಂದು ಬರೆದುಕೊಂಡವರು ಒಬ್ಬೊಬ್ಬರೇ ತಲೆ ತಗ್ಗಿಸಿ ಹಗ್ಗ ದಾಟಿದರು. ಬಳಿಯವರೆಂದು ಒಳಗೆ ಉಳಿದವರು ಅಮ್ಮ, ಮಾವ, ನಾನು, ನನ್ನ ಮಗಳು. ನಮ್ಮ ನಾಲ್ವರಲ್ಲಿ ಮಾವನನ್ನು ಬಿಟ್ಟರೆ ಯಾರಿಗೂ ಆ ಹೆಸರೇ ಇಲ್ಲ, ಉಳಿದವರದ್ದು ಗಂಡನ ಅಥವಾ ಅಪ್ಪನ ಮನೆಯ ಹೆಸರು.

ಅಷ್ಟರಲ್ಲಿ ಮಳೆ ಬಂತು. ಮಾವನಿಗೆ ಕೊಡೆ ಹಿಡಿಯಲೆಂದು ಇನ್ನೂ ಒಳಗೇ ನಿಂತಿದ್ದವರು ಅವರ ಹೆಂಡತಿ, ನಮ್ಮ ಅತ್ತೆ. ಅವರು ಮಾವನನ್ನೊಮ್ಮೆ ನೋಡಿ, ಕೊಡೆಯನ್ನು ತಮ್ಮ ತಲೆಗೆ ಸರಿಯಾಗಿ ಹಿಡಿದುಕೊಂಡು, ನಿಧಾನವಾಗಿ ಹಗ್ಗದ ಆಚೆಗೆ ನಡೆದರು.

"ಹ್ವಾಯ್, ಕೊಡಿ ಎಲ್ಲಿಗ್ ತಕಂಡ್ ಹೋಪುದ್?" ಮಾವ ಕೇಳಿದರು.

"ನಾನೂ ಈ ಮನಿ ಬಳಿ ಅಲ್ಲ," ಎಂದರು ಅತ್ತೆ. "ಇಲ್ಲಿಂದ್ ಕೈ ಎಟ್ಕುದಿಲ್ಲೆ."

ಮಾವ ಮಳೆಯಲ್ಲಿ ನೆನೆಯುತ್ತ ನಿಂತರು. ಆಚೆ ಕೊಡೆಯ ಅಡಿಯಲ್ಲಿ ಅತ್ತೆ, ಅತ್ತೆಯ ಪಕ್ಕದಲ್ಲಿ ಆ ಹುಡುಗಿ. ಹಾಲು ಆಚೆ, ಬೊಂಡ ಆಚೆ. ಭಟ್ಟರು ಮೆಲ್ಲಗೆ ಕೆಮ್ಮಿ, "ಯಜಮಾನ್ರೆ, ನಾ ಯಾವ್ ಬದಿ ನಿಲ್ಕ್?" ಎಂದು ಕೇಳಿದರು.

ಮಾವ ಹಗ್ಗದ ಗಂಟು ಬಿಚ್ಚಿ ನೆಲಕ್ಕೆ ಬಿಟ್ಟರು. ಭಾವನ ಕೈಯಿಂದ ಚೆಂಬು ತೆಗೆದು ಹುಡುಗಿಯ ಕೈಗೆ ಕೊಟ್ಟು, ಅವಳ ಭುಜ ಹಿಡಿದು ಕಟ್ಟೆಯ ಹತ್ತಿರ ಕರೆತಂದರು. "ಭಟ್ರೇ, ಮೊದ್ಲ್ ಇವ್ಳದ್. ನನ್ನ ಮಗುವಿನ ಮಗು ಇದ್," ಅನ್ನುವಾಗ ಅವರ ಮುಖದ ಮೇಲಿದ್ದದ್ದು ಮಳೆಯ ನೀರು ಮಾತ್ರ ಅಲ್ಲ. ಕಲ್ಲಿನ ಮೇಲೆ ಹಾಲು ಇಳಿಯುವುದನ್ನು ಹುಡುಗಿ ರೆಪ್ಪೆ ಹಾಕದೆ ನೋಡಿದಳು.

ಪೂಜೆ ಮುಗಿಯಿತು. ಪ್ರಸಾದ ಹಿಡಿದುಕೊಂಡು ತಿರುಗಿದ ಮಾವ, ನೆಲದ ಮೇಲೆ ಬಿದ್ದಿದ್ದ ಹಗ್ಗ ಕಾಲಿಗೆ ಸಿಕ್ಕಿ ಮುಗ್ಗರಿಸಿದರು. ಸಾವರಿಸಿಕೊಂಡು, ಸುತ್ತ ನಿಂತವರನ್ನೆಲ್ಲ ಯಜಮಾನರ ಗತ್ತಿನಲ್ಲಿ ಗದರಿಸಿದರು. "ಜನ ಹೋಪು ಬಪ್ಪು ದಾರಿಗೆ ಈ ಹಗ್ಗ ತಂದ್ ಕಟ್ಟದ್ ಯಾರ್?"

ಅಮ್ಮ ಸಿಂಗಾರದ ಎಸಳನ್ನು ಮಡಿಲಿನಿಂದ ಕೊಡವಿಕೊಳ್ಳುತ್ತ ಹೇಳಿದರು:

"ಯಾರೋ ನೆಂಟ್ರ್ ಕಟ್ಟಿರ್ಕ್."