ಸುಮ್ಮನೆ ಕುಂತವನ ತೊಡೆ

"ಹೆಂಗೂ ಸುಮ್ಮನ ಕುಂತೀಯಲ್ಲ ಗುರುಪುತ್ರಪ್ಪಾ, ಈ ಸಿಲಿಂಡರ್ ಒಂದೀಟ ಮಾಳಿಗಿ ಮ್ಯಾಲ ಒಯ್ದ ಇಡು," ಅಂದಳು ಬಾಜೂ ಮನೆಯ ಸತ್ಯವ್ವ, ಕೈಯಲ್ಲಿದ್ದ ಹಾಲಿನ ಲೋಟ ಕೆಳಗಿಡದೆ.

"ಅತ್ತಿ, ನಾ ಕುಂತಿಲ್ಲ. ನನ್ನ ಕುಂದರಿಸ್ಯಾರ. ಡಾಕ್ಟರ್ ಹುಕುಂ ಐತಿ."

"ಹೌದಪಾ, ಇಟ್ಟ ಬಂದ ಮತ್ತ ಕುಂದರು."

ಪೀರನವಾಡಿಯ ಗುರುಪುತ್ರಪ್ಪನಿಗೆ ಈ ಕೂರುವ ಭಾಗ್ಯ ಕೊಟ್ಟವರು ಕ್ಯಾಂಪ್ ಬಡಾವಣೆಯ ಸಂಶೋಧನಾ ಕೇಂದ್ರದ ಡಾಕ್ಟರ್ ಮೇಘಾ. ಸ್ನಾಯುಗಳೊಳಗೆ ಮೈಟೋಕಾಂಡ್ರಿಯಾ ಎಂಬ ಶಕ್ತಿಯ ಪುಟ್ಟ ಪುಟ್ಟ ಒಲೆಗಳಿರುತ್ತವಂತೆ. ವ್ಯಾಯಾಮದಿಂದ ಅವು ಹೆಚ್ಚುತ್ತವೆ. ಬರೀ ಪೌಷ್ಟಿಕ ಪುಡಿ ಕುಡಿದರೂ ಹೆಚ್ಚುತ್ತವೆಯೇ ಎಂಬುದು ಅವರ ಪ್ರಶ್ನೆ. ಒಂದು ಗುಂಪು ಸೈಕಲ್ ತುಳಿಯಬೇಕು, ಇನ್ನೊಂದು ಪುಡಿ ಕುಡಿದು ಸುಮ್ಮನಿರಬೇಕು. ಇವನು ಎರಡನೆಯದರಲ್ಲಿ ಬಿದ್ದದ್ದೇ ತಡ, ನಸುಕಿಗೇ ವಾಕಿಂಗಿಗೆ ಎಳೆದೊಯ್ಯುತ್ತಿದ್ದ ಹೆಂಡತಿ ಕಾಂತಾಳ ಬಾಯಿ ಮುಚ್ಚಿತ್ತು. ಇವತ್ತು ಫಲಿತಾಂಶ. ಇದೇ ಗುಂಪಿನಲ್ಲಿ ಉಳಿದರೆ ಮಳೆಗಾಲ ಪೂರ್ತಿ ಆರಾಮ.

ಆದರೆ ಖಾಲಿ ಕೂತವನನ್ನು ಓಣಿ ಬಿಟ್ಟೀತೇ? ಸಿಲಿಂಡರ್ ಇಟ್ಟು ಇಳಿಯುವಷ್ಟರಲ್ಲಿ ಖಾನಾಪುರದ ಭಾವಮೈದುನ ಸಂಜಯ ಅಕ್ಕಿ ಚೀಲಗಳ ಟೆಂಪೋ ತಂದು ನಿಲ್ಲಿಸಿದ.

"ಭಾವಜಿ, ನನ್ನ ನಡಾ ಹಿಡದೈತಿ. ನೀವರ ಖಾಲಿ ಅದೀರಿ."

ಚೀಲ ಹೊತ್ತು ಇಟ್ಟಿಗೆ ಭಟ್ಟಿಯಂತೆ ಕಾದುಹೋದ ಗುರುಪುತ್ರಪ್ಪ, ಕಾಂತಾಳೊಂದಿಗೆ ಕ್ಯಾಂಪ್ ಮುಟ್ಟಿದ. ಹೋದ ವಾರ ಅವನ ತೊಡೆಗೆ ಸೂಜಿ ಹಾಕಿ ಚೂರು ಮಾಂಸ ತೆಗೆದಿದ್ದ ಮೇಘಾ ಅವರ ಮುಖ ಅರಳಿತ್ತು.

"ನಿಮ್ಮ ಒಲಿ ಭಾಳ ಹೆಚ್ಚ್ಯಾವ್ರಿ. ಪುಡಿ ಕೆಲಸಾ ಮಾಡೇತಿ."

"ಅಂದ್ರ ನಾ ಹಿಂಗ ಕುಂತಿರ್ಲ್ಯಾ?"

"ಕುಂದರ್ರಿ. ದಿನಾ ಪುಡಿ ಕುಡದೀರಿಲ್ಲ?"

ಕಾಂತಾಗೆ ಸುಳ್ಳು ಬಾರದು. "ಬಂದವರನ್ನ ಬಿಟ್ಟ ಒಬ್ಬರ ಹೆಂಗ ಕುಡೀತಾರ್ರಿ ಮೇಡಂ? ಹಾಲಾಗ ಹಾಕಿ ಓಣಿಗೆಲ್ಲಾ ಕೊಟ್ಟೆ. ಸತ್ಯವ್ವಗಂತೂ ರುಚಿ ಹತ್ತೇತಿ. ಇವರ ಪಾಳಿ ಬರೂದ್ರಾಗ ಪುಡಿ ತೀರಿರ್ತಿತ್ತು, ಬರೇ ಹಾಲ ಕೊಡ್ತಿದ್ದೆ."

ಗುರುಪುತ್ರಪ್ಪ ಹೆಂಡತಿಯನ್ನು ದುರುಗುಟ್ಟಿ ನೋಡಿದ.

"ಮತ್ತ ಒಲಿ ಹೆಂಗ ಹೆಚ್ಚಿದವು?" ಮೇಘಾ ಹುಬ್ಬು ಗಂಟಿಕ್ಕಿದರು. "ಏನೇನ ಮಾಡಿದ್ರಿ?"

"ಸುಮ್ಮನಿದ್ದೆನ್ರಿ."

"ಖರೇ ರೀ," ಕಾಂತಾ ಗಂಡನ ಪರ ನಿಂತಳು. "ಮಂದಿ ನೀರಿನ ಕೊಡ, ಸಿಲಿಂಡರ್, ಚೀಲ ಹೊರೂದ ಬಿಟ್ರ ಏನೂ ಇಲ್ಲ."

ಡಾಕ್ಟರು ಪಟ್ಟಿಯಲ್ಲಿದ್ದ ಅವನ ಹೆಸರಿನ ಮೇಲೆ ಗೀಟು ಎಳೆದರು. "ನಾಳಿಂದ ನೀವು ಸೈಕಲ್ ಗುಂಪಿಗೆ ಬರ್ರಿ. ಪುಡಿ ಕುಡದ ಸುಮ್ಮನ ಕುಂತಾವ್ರು ಸತ್ಯವ್ವ ಮತ್ತ ಓಣಿ ಮಂದಿ ಹೌದಲ್ರಿ? ಅವರನ್ನ ಈ ಗುಂಪಿಗೆ ತಗೋತೀನಿ. ಅವರಿಗೆ ಯಾರೂ ಕೆಲಸಾ ಹೇಳಬಾರದು."

"ಅವರ ಕೆಲಸಾ ಯಾರ ಮಾಡ್ಬೇಕ್ರಿ?"

ಇಬ್ಬರೂ ಹೆಂಗಸರು ಅವನ ತೊಡೆಯ ಕಡೆ ನೋಡಿದರು. ಮೂಲೆಯಲ್ಲಿದ್ದ ಕೇಂದ್ರದ ಸಿಪಾಯಿ ಒಂದು ಸೈಕಲ್ ಎಳೆದು ತಂದು, ಅದರ ಸೀಟನ್ನು ಗುರುಪುತ್ರಪ್ಪನ ಎತ್ತರಕ್ಕೆ ಇಳಿಸತೊಡಗಿದ.