ಮೂವತ್ತನೇ ತಾರೀಖಿನ ತಂಪು

ಔಷಧಿ ಅಂಗಡಿಯವನ ಫ್ರಿಜ್ಜಿನಲ್ಲಿ ಯಾವ ದೋಷವೂ ಇರಲಿಲ್ಲ. ದೋಷವೆಲ್ಲ ಅವನ ಸೋಮಾರಿತನದ್ದು. ಇನ್ಸುಲಿನ್ ಇಡುವ ಫ್ರಿಜ್ಜು ಎರಡರಿಂದ ಎಂಟು ಡಿಗ್ರಿಯೊಳಗಿರಬೇಕು, ಅದನ್ನು ದಿನಾ ನೋಡಿ ಪುಸ್ತಕದಲ್ಲಿ ಬರೆಯಬೇಕು. ಇವನು ದಿನಾ ನೋಡುತ್ತಿದ್ದ, ಬರೆಯುವುದನ್ನು ಮಾತ್ರ ನಾಳೆಗೆ ಬಿಡುತ್ತಿದ್ದ. ಹೀಗೆ ಈ ತಿಂಗಳ ಇಪ್ಪತ್ತು ದಿನ ಕಳೆದಿತ್ತು.

ಬೆಳಿಗ್ಗೆ ಪಕ್ಕದ ಕ್ಷೌರದಂಗಡಿಯವನು ಕತ್ತರಿ ಹಿಡಿದುಕೊಂಡೇ ಓಡಿ ಬಂದ.

“ಅಣ್ಣಾ, ಕೆಟ್ವಿ! ಡ್ರಗ್ ಇನ್‌ಸ್ಪೆಕ್ಟರ್ ಮೇಡಂ! ಮೂಲೆ ಹಣ್ಣಿನಂಗಡೀಲಿ ಚೌಕಾಸಿ ಮಾಡ್ತಿದ್ದಾರೆ, ಈ ಕಡೆಗೇ ಬರ್ತಾರೆ!”

ಅಂಗಡಿಯವನು ಗಡಿಬಿಡಿಯಲ್ಲಿ ಫ್ರಿಜ್ಜಿನ ಪುಸ್ತಕ ಎಳೆದುಕೊಂಡ. ಹಿಂದಿನ ಬೀದಿಯ ಔಷಧಿ ಅಂಗಡಿಗೆ ಹೋದ ತಿಂಗಳು ಬೀಗ ಹಾಕಿಸಿದ ಮಹಾತಾಯಿ ಇವರೇ.

“ಪುಸ್ತಕ ಖಾಲಿ ಇದೆಯಲ್ಲೋ!”

“ಇಲ್ಲಿ ಕೊಡಿ, ನಾನಿದ್ದೀನಲ್ಲ, ಬರೀತೀನಿ. ನೀವು ಕಪಾಟು ಒರೆಸಿ.”

ಅಷ್ಟರಲ್ಲಿ ಒಂದೇ ಕೆನ್ನೆ ಬೋಳಿಸಿಕೊಂಡಿದ್ದ ಗಿರಾಕಿಯೂ ಹುಡುಕಿಕೊಂಡು ಬಂದ. ಬೈಯಲು ಬಂದವನು ಪುಸ್ತಕ ಕಂಡು ಸಲಹೆಗೆ ನಿಂತ. “ಎಲ್ಲಾ ನಾಲ್ಕು ಅಂತ ಬರೀಬೇಡಪ್ಪ, ಅನುಮಾನ ಬರುತ್ತೆ. ಮಧ್ಯೆ ಒಂದು ಐದು ಹಾಕು.”

ಮೇಡಂ ಹಣೆ ಒತ್ತಿಕೊಳ್ಳುತ್ತಾ ಮೆಟ್ಟಿಲು ಹತ್ತಿದರು. ಅವರು ಬಾಯಿ ತೆರೆಯುವ ಮೊದಲೇ ಅಂಗಡಿಯವನು ಎರಡೂ ಕೈಯಿಂದ ಪುಸ್ತಕ ಒಪ್ಪಿಸಿದ.

“ನೋಡಿ ಮೇಡಂ, ಒಂದು ದಿನಾನೂ ತಪ್ಪಿಸಿಲ್ಲ!”

ಮೇಡಂ ನೋಡಿದರು. ಹುಬ್ಬು ಮೇಲೇರಿತು.

“ಇವತ್ತು ಎಷ್ಟನೇ ತಾರೀಖು?”

“ಇಪ್ಪತ್ತು, ಮೇಡಂ.”

“ಇಪ್ಪತ್ತೆಂಟಕ್ಕೆ ನಾಲ್ಕೂವರೆ ಡಿಗ್ರಿ ಅಂತಿದೆ. ಮೂವತ್ತಕ್ಕೆ ಐದು.”

ಅಂಗಡಿಯವನು ಸರಕ್ಕನೆ ಕ್ಷೌರದವನತ್ತ ತಿರುಗಿದ.

“ಬರೀತಾ ಕೈ ಓಡ್ತಿತ್ತು ಅಣ್ಣಾ. ತಿಂಗಳೇ ಮುಗಿಸಿಬಿಟ್ಟೆ,” ಎಂದ ಅವನು ಹೆಮ್ಮೆಯಿಂದ.

“ಮೇಡಂ, ದಯವಿಟ್ಟು ಫ್ರಿಜ್ಜು ತೆಗೆದು ನೋಡಿ, ಸರಿಯಾಗೇ ಇದೆ!” ಅಂಗಡಿಯವನು ಅಂಗಲಾಚಿದ.

ಮೇಡಂ ತೆಗೆದು ನೋಡಿದರು. ಸರಿಯಾಗಿ ನಾಲ್ಕು ಡಿಗ್ರಿ.

“ಫ್ರಿಜ್ಜು ನಿಜ ಹೇಳ್ತಿದೆ. ಪುಸ್ತಕ ಹೇಳ್ತಿಲ್ಲ. ಖಾಲಿ ಬಿಟ್ಟಿದ್ರೆ ಬೈದು ಬಿಡ್ತಿದ್ದೆ, ಸುಳ್ಳು ಬರೆದಿದ್ದೀರಿ. ನಾಳೆಯಿಂದ ಮೂವತ್ತರವರೆಗೆ ಬಾಗಿಲು ಹಾಕಿ.” ಆದೇಶ ಬರೆದು, ಸಹಿ ಮಾಡಿ, ಮತ್ತೆ ಹಣೆ ಒತ್ತಿಕೊಂಡರು. “ನಿಮ್ಮ ಅಂಗಡಿ ತಪಾಸಣೆ ಇದ್ದಿದ್ದು ಮುಂದಿನ ತಿಂಗಳು. ಇವತ್ತು ನನಗೆ ರಜ. ತಲೆನೋವಿಗೆ ಒಂದು ಮಾತ್ರೆ ಕೇಳೋಣ ಅಂತ ಬಂದೆ, ಅಷ್ಟೇ.”

ಅಂಗಡಿಯವನು ಬಾಯಿ ಬಿಟ್ಟುಕೊಂಡೇ ಎರಡು ಮಾತ್ರೆ ತೆಗೆದ. ಒಂದನ್ನು ಅವರಿಗೆ ಕೊಟ್ಟು, ಇನ್ನೊಂದನ್ನು ನೀರಿಲ್ಲದೆ ತಾನೇ ನುಂಗಿದ.

ಮೇಡಂ ಹೋದ ಮೇಲೆ ಕ್ಷೌರದವನು ಅವನ ಬೆನ್ನು ಸವರಿದ.

“ಚಿಂತೆ ಬಿಡಿ ಅಣ್ಣಾ. ಮೂವತ್ತರವರೆಗೆ ಬರೆಯೋ ತಾಪತ್ರಯ ಇಲ್ಲವಲ್ಲ, ಆಗ್ಲೇ ಮುಗಿಸಿಟ್ಟಿದ್ದೀನಿ.”