ವಾಪಸು ಬಂದ ಹನ್ನೊಂದು ಪುಸ್ತಕಗಳು

ನಾನು ಹುಟ್ಟಾ ನೀಟ್ ಹೆಂಗಸಲ್ಲ. ಕಾನ್ವೆಂಟಿನ ಸಿಸ್ಟರ್‌ಗಳು ಹತ್ತು ವರ್ಷ ಹೆಣಗಾಡಿ ನನಗೆ ಕಲಿಸಲಾದದ್ದು ಪುಸ್ತಕಕ್ಕೆ ಬ್ರೌನ್ ಪೇಪರ್ ಹಾಕುವುದೊಂದೇ. ಆ ಡಿಸಿಪ್ಲಿನ್ ಎಷ್ಟು ಮೈಗೆ ಹತ್ತಿತೆಂದರೆ, ಎಪ್ಪತ್ತರ ಹತ್ತಿರ ಬಂದರೂ ನನ್ನ ಕಪಾಟಿನ ಪುಸ್ತಕಗಳೆಲ್ಲ ಒಂದೇ ಯೂನಿಫಾರ್ಮ್ ತೊಟ್ಟು ನಿಂತಿವೆ. ಬಿಚ್ಚಿ ನೋಡದೆ ಯಾವುದು ಏನೆಂದು ತಿಳಿಯದು. ಕಂಪ್ಯೂಟರಿನಲ್ಲೂ ಅದೇ ಪಾಡು. ಸಿ.ಡಿ.ಗಳಿಂದ ತುಂಬಿಸಿಕೊಂಡ ಪುಸ್ತಕಗಳಿಗೆಲ್ಲ ‘ನ್ಯೂ ಫೋಲ್ಡರ್’ ಎಂಬ ಒಂದೇ ಹೆಸರು, ಮುಂದೊಂದು ನಂಬರು. ಒಂದೇ ಅಡುಗೆ ಪುಸ್ತಕವನ್ನು ಮೂರನೇ ಸಲ ಕೊಂಡು ತಂದ ದಿನ, ಇನ್ನು ಪುಸ್ತಕಗಳ ಲೆಕ್ಕ ಇಡುವ ಸಾಫ್ಟ್‌ವೇರೇ ಗತಿ ಎಂದು ತೀರ್ಮಾನಿಸಿದೆ.

ನಮ್ಮ ಬೀದಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ಲತಾ ಮೂರು ಸಾಫ್ಟ್‌ವೇರ್ ತಂದಳು. ಮೊದಲನೆಯದು ಪುಸ್ತಕದ ಹಿಂದಿನ ಬಾರ್‌ಕೋಡ್ ನಂಬರ್ ಕೇಳಿತು. ನನ್ನ ಮುಕ್ಕಾಲು ಪಾಲು ಪುಸ್ತಕಗಳು ಬಾರ್‌ಕೋಡಿಗಿಂತ ಹಿರಿಯರು. ಎರಡನೆಯದಕ್ಕೆ ಕನ್ನಡ ಬಾರದು. ಕಷ್ಟಪಟ್ಟು ಟೈಪ್ ಮಾಡಿದ ಹೆಸರುಗಳನ್ನೆಲ್ಲ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ ಮಾಡಿ ನನ್ನನ್ನೇ ದಿಟ್ಟಿಸಿತು. ಮೂರನೆಯದು ಕಾಲೇಜ್ ಲೈಬ್ರರಿಗಳಿಗೆಂದು ಮಾಡಿದ್ದು. ಪುಸ್ತಕ, ಫೈಲು ಎರಡನ್ನೂ ಒಂದೇ ಪಟ್ಟಿಯಲ್ಲಿ ಕೂರಿಸಿತು. ವಾಪಸು ಕೊಡದವರಿಗೆ ತಾನೇ ಚೀಟಿ ಪ್ರಿಂಟ್ ಮಾಡುತ್ತದೆ ಎಂದು ತಿಳಿದಾಗ ನಾನು ಮನಸೋತೆ. “ಆಂಟಿ, ಅದು ದೊಡ್ಡ ಲೈಬ್ರರಿಗಾಯ್ತು, ನಿಮಗ್ಯಾಕೆ?” ಎಂದಳು ಲತಾ. ನನಗೆ ಸ್ವಲ್ಪ ಅವಮಾನವಾಯಿತು. ಅದನ್ನೇ ಹಾಕಿಸಿಕೊಂಡೆ.

ನನ್ನಿಂದ ಪುಸ್ತಕ ಒಯ್ಯುವವಳು ಒಬ್ಬಳೇ, ನಸೀಮಾ. ಕಾನ್ವೆಂಟಿನಲ್ಲಿ ನನ್ನ ಬೆಂಚಿನವಳು, ಈಗ ಶೆಟ್ಟಿಹಳ್ಳಿಯಲ್ಲಿದ್ದಾಳೆ. ಪಕ್ಕದ ಮನೆಯಿಂದ ಬಂದ ಡಬ್ಬಿಯನ್ನು ನಾವು ಖಾಲಿ ಹಿಂತಿರುಗಿಸುವುದಿಲ್ಲವಷ್ಟೆ, ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ನಮ್ಮಿಬ್ಬರ ಪುಸ್ತಕಗಳೂ ಹಾಗೇ. ಒಂದು ವಾಪಸು ಬಂದರೆ ಜೊತೆಗೆ ಅವಳದೊಂದು ಬರಬೇಕು. ಆ ನೆಪದಲ್ಲಿ ಪ್ರತಿ ಗುರುವಾರ ಬಂದು ಸಂಜೆಯವರೆಗೆ ಹರಟೆ ಹೊಡೆದು ಹೋಗುತ್ತಿದ್ದಳು.

ಸಾಫ್ಟ್‌ವೇರಿಗೆ ಈ ಸಂಗತಿ ಹೇಗೆ ಗೊತ್ತಿರಬೇಕು? ನಸೀಮಾಳ ಬಳಿ ಇದ್ದವನ್ನು ನಾನು ಎಂಟ್ರಿ ಮಾಡಿದ್ದೇ ತಡ, ‘ಡಿಫಾಲ್ಟರ್’ ಎಂಬ ತಲೆಬರಹದ ಕೆಳಗೆ ಅವಳ ಹೆಸರು, ಹನ್ನೊಂದು ಪುಸ್ತಕಗಳ ಹೆಸರು ಪ್ರಿಂಟ್ ಮಾಡಿತು. ಹೌ ಕ್ಯೂಟ್ ಎಂದುಕೊಂಡು ಅವಳ ವಿಳಾಸಕ್ಕೆ ಪೋಸ್ಟ್ ಮಾಡಿದೆ.

ಆ ಗುರುವಾರ ನಸೀಮಾ ಬರಲಿಲ್ಲ. ಆಟೋದವನು ಬಂದು ಬಾಗಿಲಲ್ಲಿ ಚೀಲ ಇಳಿಸಿದ. “ನಸೀಮಮ್ಮೋರು ಕೊಟ್ಟವ್ರೆ. ಹನ್ನೊಂದೈತಂತೆ, ಎಣಿಸ್ಕಳಿ.”

“ಇನ್ನೇನಾದ್ರೂ ಹೇಳಿದ್ರಾ?”

“ರಸೀದಿ ಈಸ್ಕೊಂಡ್ ಬಾ ಅಂದ್ರು.”

ಚೀಲದಲ್ಲಿ ಹನ್ನೊಂದೇ ಇದ್ದವು. ಅವಳದೊಂದೂ ಇರಲಿಲ್ಲ. ಎಂಟ್ರಿ ಮಾಡಿದಾಗ ಪರದೆಯ ಮೇಲೆ ‘ಬಾಕಿ: ಇಲ್ಲ’ ಎಂದು ಬಂತು. ಅಷ್ಟು ನೀಟಾದ ಪುಟವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಇನ್ನು ಅವಳಿಗೆ ನಮ್ಮ ಮನೆಗೆ ಬರಲು ಯಾವ ನೆಪವೂ ಉಳಿದಿಲ್ಲ ಎಂದು ಆಗ ಹೊಳೆಯಿತು.

ಮರುದಿನವೇ ಚೀಲ ಹೊತ್ತು ಶೆಟ್ಟಿಹಳ್ಳಿಗೆ ಹೋದೆ. ನಸೀಮಾ ಅರ್ಧ ಬಾಗಿಲು ತೆರೆದಳು. “ಏನಮ್ಮಾ ಲೈಬ್ರರಿಯನ್ ಮೇಡಮ್ಮು, ಫೈನ್ ವಸೂಲಿಗೆ ಬಂದ್ರಾ?”

“ಸಾರಿ ಕಣೇ. ಅದು ಮೆಷಿನ್ ಬರೆದಿದ್ದು.”

“ಸ್ಟಾಂಪ್ ಅಂಟಿಸಿದ್ದೂ ಮೆಷಿನ್ನೇನೇ?”

ಚೀಲ ಅವಳ ಕಾಲ ಬಳಿ ಇಟ್ಟು, “ಎಲ್ಲಾ ನಿನ್ನ ಹೆಸರಿಗೇ ಮತ್ತೆ ಬರ್ಕೊಂಡಿದೀನಿ, ಇಟ್ಕೋ” ಎಂದೆ.

“ಯಾವ ತಾರೀಕಿಗೆ ವಾಪಸ್ ಕೊಡ್ಬೇಕು?”

“ತಾರೀಕು ಖಾಲಿ ಬಿಡೋಕೆ ಅದು ಒಪ್ಪಲ್ಲ ಕಣೇ. ಎರಡು ಸಾವಿರದ ತೊಂಬತ್ತೊಂಬತ್ತನೇ ಇಸವಿ ಹಾಕಿದೀನಿ.”

“ಅಷ್ಟೊತ್ತಿಗೆ ನಾವಿರ್ತೀವೇನೇ?”

“ಇಲ್ದಿದ್ರೆ ಡಿಫಾಲ್ಟರ್ ಆಗೇ ಹೋಗು!”

ನಸೀಮಾ ನಗು ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಬಾಗಿಲು ಪೂರ್ತಿ ತೆರೆಯಿತು. ಹೊರಡುವಾಗ ತನ್ನದೊಂದು ದಪ್ಪ ಪುಸ್ತಕವನ್ನು ನನ್ನ ಚೀಲಕ್ಕೆ ತುರುಕಿದಳು. ಮುಂದಿನ ಗುರುವಾರ ಮಾಮೂಲಿನಂತೆ ಬಂದಳು.

ಆಮೇಲೊಂದು ದಿನ ಲತಾ ಬಂದು, ನಾನು ಬೇರೆಯವರಿಂದ ತಂದ ಪುಸ್ತಕಗಳಿಗೂ ಇದರಲ್ಲಿ ಜಾಗವಿದೆಯೆಂದು ತೋರಿಸಿದಳು. ಕಪಾಟಿನಲ್ಲಿ ಮೊದಲ ಪುಟದ ಮೇಲೆ ನಸೀಮಾಳ ಹೆಸರಿದ್ದವನ್ನು ಒಂದೊಂದಾಗಿ ತೆಗೆದು ಸೇರಿಸುತ್ತಾ ಹೋದೆವು. ಇಪ್ಪತ್ತಾರನೆಯದು ಕೈಗೆ ಬಂದಾಗ, “ಲತಾ, ಕಾಫಿ ಕುಡೀತೀಯೇನಮ್ಮಾ?” ಎಂದು ಕೇಳಿ, ಏನನ್ನೂ ಸೇವ್ ಮಾಡದೆ ಕಂಪ್ಯೂಟರ್ ಆಫ್ ಮಾಡಿದೆ.